ಪೈಥಾನ್‌ನಿಂದ ಜಾವಾ ಲೈಬ್ರರಿ: ಜೆಪೈಪ್, ಪೈ4ಜೆ, ಜೈಥಾನ್

ಕೋಡ್ ಪೈಥಾನ್‌ನಲ್ಲಿದೆ, ಬೇಕಾದ ಲೈಬ್ರರಿ ಜಾವಾದ್ದು, ಪಿಡಿಎಫ್ ಫೈಲ್‌ಗಳನ್ನು ನಿಭಾಯಿಸುವ ಅಪಾಚೆ ಪಿಡಿಎಫ್‌ಬಾಕ್ಸ್ ಥರದ್ದು. ಇವೆರಡನ್ನೂ ಜೋಡಿಸಲು ಜೆಪೈಪ್, ಪೈ4ಜೆ, ಜೈಥಾನ್ ಈ ಮೂರರಲ್ಲಿ ಯಾವುದು ಅನ್ನುವುದು ಪ್ರಶ್ನೆ. ಮೂರೂ ಉಚಿತ, ಹಾಗಾಗಿ ದುಡ್ಡಿನ ಮಾತು ಬಿಡೋಣ.

ಮೊದಲು ವೇಗ. ಜೆಪೈಪ್ ಜೆವಿಎಂ (ಜಾವಾ ಕೋಡ್ ಓಡಿಸುವ ವ್ಯವಸ್ಥೆ) ಅನ್ನು ಪೈಥಾನ್ ಪ್ರೋಸೆಸ್‌ನ, ಅಂದರೆ ಓಡುತ್ತಿರುವ ಪ್ರೋಗ್ರಾಂನ ಒಳಗೇ ಶುರು ಮಾಡುತ್ತದೆ. ಕರೆಗಳು ಬೇಗ ಮುಗಿಯುತ್ತವೆ, ನಂಪೈ (ಪೈಥಾನ್‌ನ ಲೆಕ್ಕಾಚಾರದ ಲೈಬ್ರರಿ) ಅರೇಗಳನ್ನು, ಅಂದರೆ ಅಂಕಿಗಳ ಪಟ್ಟಿಗಳನ್ನು, ದಾಟಿಸುವುದೂ ಸಲೀಸು. ಪೈ4ಜೆಯಲ್ಲಿ ಜಾವಾ ಬೇರೆ ಪ್ರೋಸೆಸ್, ಮಾತುಕತೆಯೆಲ್ಲ ಸಾಕೆಟ್ (ನೆಟ್‌ವರ್ಕ್ ಕೊಂಡಿ) ಮೂಲಕ. ಲೂಪ್‌ನಲ್ಲಿ ಲಕ್ಷ ಸಲ ಸಣ್ಣ ಕರೆ ಮಾಡಿದರೆ ತೆವಳುತ್ತದೆ. ದೊಡ್ಡ ಕೆಲಸವನ್ನು ಒಂದೇ ಕರೆಯಲ್ಲಿ ಒಪ್ಪಿಸುವವರಿಗೆ ಇದು ಅಡ್ಡಿಯೇ ಅಲ್ಲ. ದೊಡ್ಡ ಡೇಟಾ ಸಂಸ್ಕರಿಸುವ ಸ್ಪಾರ್ಕ್‌ನ ಪೈಥಾನ್ ರೂಪವಾದ ಪೈಸ್ಪಾರ್ಕ್ ನಡೆಯುವುದೇ ಪೈ4ಜೆ ಮೇಲೆ, ಅಲ್ವಾ?

ಗಟ್ಟಿತನ ನೋಡಿದರೆ ಲೆಕ್ಕ ತಿರುಗುತ್ತದೆ. ಜೆಪೈಪ್‌ನಲ್ಲಿ ಜೆವಿಎಂ ಕುಸಿದರೆ ಪೈಥಾನ್ ಕೂಡ ಹೋಯಿತು. ಒಮ್ಮೆ ನಿಲ್ಲಿಸಿದ ಜೆವಿಎಂ ಅನ್ನು ಅದೇ ಪ್ರೋಸೆಸ್‌ನಲ್ಲಿ ಮತ್ತೆ ಎಬ್ಬಿಸಲೂ ಆಗದು. ಟೆಸ್ಟ್ ಬರೆಯುವಾಗ ಇದು ಜಾಸ್ತಿ ಕಾಡುತ್ತದೆ. ಪೈ4ಜೆಯಲ್ಲಿ ಜಾವಾ ಬಿದ್ದರೂ ಪೈಥಾನ್ ಬದುಕಿರುತ್ತದೆ. ಆದರೆ ಗೇಟ್‌ವೇ (ಎರಡನ್ನೂ ಜೋಡಿಸುವ ಜಾವಾ ಕಡೆಯ ಸರ್ವರ್), ಅದರ ಪೋರ್ಟ್ ಎಲ್ಲ ನೀವೇ ನೋಡಿಕೊಳ್ಳಬೇಕು.

ಜೈಥಾನ್ ಬರೆಯಲು ತುಂಬಾ ಸುಲಭ: ಪೈಥಾನ್ ಕೋಡೇ ಜೆವಿಎಂ ಮೇಲೆ ಓಡುತ್ತದೆ. ತೊಡಕೆಂದರೆ ಅದು ಪೈಥಾನ್‌ನ ಹಳೆಯ 2.7 ಆವೃತ್ತಿಯಲ್ಲೇ ನಿಂತಿದೆ, ನಂಪೈಯಂಥ, ಸಿ ಭಾಷೆಯ ಕೋಡ್ ಇರುವ ಲೈಬ್ರರಿಗಳು ನಡೆಯುವುದಿಲ್ಲ. ಈಗಾಗಲೇ ಜಾವಾ ಅಪ್ಲಿಕೇಶನ್ ಒಳಗೆ ಚಿಕ್ಕ ಸ್ಕ್ರಿಪ್ಟ್‌ಗಳಿದ್ದರೆ ಇರಲಿ. ಹೊಸ ಕೆಲಸಕ್ಕೆ ಸುಮ್ನೆ ಯಾಕೆ?

ಒಂದೇ ಮಷೀನ್‌ನಲ್ಲಿ ಡೇಟಾ ಅರೆಯುವವರಾದರೆ ಜೆಪೈಪ್. ದಿನವಿಡೀ ಓಡುವ ಸರ್ವರ್ ಆದರೆ ನಾನು ಪೈ4ಜೆ ಕಡೆ ವಾಲುತ್ತೇನೆ.