ತೊಳೆದ ದಿನ ಯಾವ ಬಾಚಣಿಗೆ: ಕೊಯ್ದದ್ದು, ಅಚ್ಚಿನದು, ಬಾಗುವ ಬ್ರಷ್

ತೊಳೆದ ಸುರುಳಿ ಕೂದಲಿನ ಸಿಕ್ಕು ಬಿಡಿಸುವುದರಲ್ಲಿ, ಹಲ್ಲುಗಳನ್ನು ಗರಗಸದಲ್ಲಿ ಕೊಯ್ದು ಪಾಲಿಶ್ ಮಾಡಿದ ಅಗಲ ಹಲ್ಲಿನ ಬಾಚಣಿಗೆಯೇ ಗೆದ್ದಿತು. ಅಚ್ಚಿನ ಪ್ಲಾಸ್ಟಿಕ್‌ನದಕ್ಕಿಂತ ಬೆಲೆ ಹಲವು ಪಟ್ಟು ಹೆಚ್ಚು, ಆದರೂ ಅದೇ.

ಪರೀಕ್ಷೆ ನಡೆದದ್ದು 4ಸಿ ಎಂಬ ಬಗೆಯ ಕೂದಲಿನ ಮೇಲೆ. ಆಫ್ರಿಕನ್ ಮೂಲದವರಲ್ಲಿ ಹೆಚ್ಚಾಗಿ ಕಾಣುವ ಈ ಕೂದಲಿನ ಸುತ್ತು ಬಾಲ್‌ಪೆನ್ನಿನ ಸ್ಪ್ರಿಂಗಿಗಿಂತಲೂ ಬಿಗಿ. ಎಳೆ ತಿರುಚಿಕೊಂಡ ಪ್ರತಿ ತಿರುವೂ ಮುರಿಯಬಲ್ಲ ಜಾಗ. ತಲೆಯನ್ನು ಎಂಟು ಭಾಗ ಮಾಡಿ, ಒದ್ದೆ ಇರುವಾಗಲೇ ಕಂಡೀಷನರ್ ಧಾರಾಳವಾಗಿ ಹಚ್ಚಿ, ಬೆರಳಲ್ಲಿ ದೊಡ್ಡ ಗಂಟು ಬಿಡಿಸಿ, ಆಮೇಲೆ ತುದಿಯಿಂದ ಬುಡದ ಕಡೆಗೆ ಬಾಚಬೇಕು. ಬುಡದಿಂದ ಶುರು ಮಾಡಿದರೆ ಸಿಕ್ಕೆಲ್ಲ ತುದಿಯಲ್ಲಿ ಒಟ್ಟಾಗಿ ಉಂಡೆಯಾಗುತ್ತದೆ.

ಉದ್ದ ಹಲ್ಲಿನ ಬಾಚಣಿಗೆಯಾದ ಆಫ್ರೋ ಪಿಕ್ ಈ ಪಂದ್ಯದಲ್ಲೇ ಇಲ್ಲ. ಅದಿರುವುದು ಒಣಗಿದ ಕೂದಲನ್ನು ಬುಡದಿಂದ ಎತ್ತಿ ಉಬ್ಬಿಸಲು.

ಬಾಗುವ ಬ್ರಷ್‌ನಲ್ಲಿ ಹಲ್ಲಿನ ಸಾಲುಗಳು ಬೇರೆಬೇರೆ ಪಟ್ಟಿಗಳ ಮೇಲಿವೆ. ಗಂಟು ತಡೆದಾಗ ಆ ಪಟ್ಟಿ ಮಾತ್ರ ಬಾಗಿ ಎಳೆತ ತಗ್ಗುತ್ತದೆ. ವೇಗದಲ್ಲಿ ಇದೇ ಮುಂದು. ಆದರೆ ದಪ್ಪ ಭಾಗ ಹಿಡಿದರೆ ಹಲ್ಲು ಒಳಪದರಕ್ಕೆ ಇಳಿಯದು, ಮೇಲೆ ನುಣುಪು, ಒಳಗೆ ಸಿಕ್ಕು ಹಾಗೇ. ಪಟ್ಟಿಗಳ ಬುಡದಲ್ಲಿ ಕೂದಲು, ಕಂಡೀಷನರ್ ಸೇರಿ ಕೊಳೆ ಕಟ್ಟುತ್ತದೆ. 1898ರಲ್ಲಿ ನ್ಯೂಯಾರ್ಕಿನ ಲಿಡಾ ನ್ಯೂಮನ್ ಪೇಟೆಂಟ್ ಪಡೆದ ಬ್ರಷ್‌ನ ಹಲ್ಲಿನ ಭಾಗವನ್ನು ಕಳಚಿ ತೊಳೆಯಬಹುದಿತ್ತು. ಇಷ್ಟು ವರ್ಷವಾದ ಮೇಲೂ ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಸಂದಿ ಉಜ್ಜಬೇಕೆ?

ಇನ್ನು ಅಚ್ಚಿನ ಬಾಚಣಿಗೆ. ಕಣ್ಣಿಗೆ ಇದಕ್ಕೂ ಕೊಯ್ದದ್ದಕ್ಕೂ ವ್ಯತ್ಯಾಸವೇ ಕಾಣದು, ತೊಂದರೆ ಇರುವುದೇ ಅಲ್ಲಿ. ಅಚ್ಚಿನ ಎರಡು ಹೋಳು ಕೂಡುವ ಕಡೆ ಪ್ಲಾಸ್ಟಿಕ್ ತುಸು ಹೊರಚಾಚಿ, ಪ್ರತಿ ಹಲ್ಲಿನ ಉದ್ದಕ್ಕೂ ಚೂಪು ಗೆರೆ ಉಳಿಯುತ್ತದೆ. ನೇರ ಕೂದಲು ಅದರ ಮೇಲೆ ಜಾರಿಹೋಗುತ್ತದೆ. ಸುರುಳಿ ಕೂದಲು ಹಲ್ಲಿಗೆ ಸುತ್ತಿಕೊಂಡು ಆ ಅಂಚಿನ ಮೇಲೇ ಉಜ್ಜುವುದರಿಂದ ಹೊರಪದರ ಕಿತ್ತುಬರುತ್ತದೆ. ಸಿಂಕಿನಲ್ಲಿ ಬಿದ್ದ ಕೂದಲು ನೋಡಿ: ಒಂದು ತುದಿಯಲ್ಲಿ ಬಿಳಿ ಗುಳ್ಳೆ ಇದ್ದರೆ ತಾನಾಗಿ ಉದುರಿದ್ದು, ಗುಳ್ಳೆಯಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಿದ್ದರೆ ಮುರಿದದ್ದು.

ಕೊಳ್ಳುವ ಮುಂಚೆ ಹಲ್ಲುಗಳ ಸಂದಿಯಲ್ಲಿ ಉಗುರು ಆಡಿಸಿ, ಗೆರೆಯಿದ್ದರೆ ತಡೆಯುತ್ತದೆ. ಮನೆಯಲ್ಲಿ ಹತ್ತಿಯುಂಡೆ ಎಳೆದರೆ ನೂಲು ಅಂಟಿಕೊಳ್ಳುತ್ತದೆ. ಹಲ್ಲಿನ ಬುಡ ಚೌಕವಾಗಿರದೆ ಯು ಆಕಾರದಲ್ಲಿದೆಯೇ ನೋಡಿ. ಚೌಕದ ಮೂಲೆಗೆ ಎಳೆ ಸಿಕ್ಕಿಕೊಳ್ಳುತ್ತದೆ.

ಕೊಯ್ದದ್ದರಲ್ಲೂ ಕುಂದಿದೆ: ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನದು ಬಿಸಿಗೆ ಸೊಟ್ಟಗಾಗುತ್ತದೆ, ಡ್ರೈಯರ್ ಜೊತೆ ಬೇಡ.

ವಾರಕ್ಕೊಮ್ಮೆ ತಲೆ ತೊಳೆಯುವವರು ದುಡ್ಡು ಹಾಕಲಿ. ವಾರಗಟ್ಟಲೆ ಹೆಣೆದ ಜಡೆಯಲ್ಲೇ ಕೂದಲು ಇಡುವವರಿಗೆ ಅಚ್ಚಿನದೇ ಸಾಕು: ನೀರುಕಾಗದವನ್ನು (ಒದ್ದೆ ಮಾಡಿ ಉಜ್ಜುವ ಮರಳುಕಾಗದ) ಒಂದು ಸೆಂಟಿಮೀಟರ್ ಪಟ್ಟಿಯಾಗಿ ಕತ್ತರಿಸಿ, ಒದ್ದೆ ಮಾಡಿ, ಮೊದಲು 400, ಆಮೇಲೆ 800, ಕೊನೆಗೆ 1500 ನಂಬರಿನದರಲ್ಲಿ ಪ್ರತಿ ಸಂದಿ ಉಜ್ಜಿ. ಹತ್ತಿ ಅಂಟದಿದ್ದರೆ ನಿಲ್ಲಿಸಬಹುದು.