ಸೇಲಂ ದಾಖಲೆಗಳ ಜಾಲತಾಣ: ದಿನಚರಿ ಬರೆಸುವವರಿಗೆ ಎಷ್ಟು ಉಪಯೋಗ?

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ದಿನಚರಿ ಬರೆಯುವುದು ಹೊಸದಲ್ಲ. ಪಾಠದ ಪಾತ್ರವೊಂದರ ದಿನಚರಿ ಕೇಳಿದರೆ ಹೈಸ್ಕೂಲಿನವರು ಸಲೀಸಾಗಿ ಒಂದು ಪುಟ ತುಂಬಿಸುತ್ತಾರೆ. ಆದರೆ 1692ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಹಳ್ಳಿಯ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಪಂಥದ) ರೈತನಾಗಿ, ನೆರೆಮನೆಯವಳನ್ನು ಮಾಟಗಾತಿಯೆಂದು ಹಿಡಿದೊಯ್ದ ದಿನದ ಪುಟ ಬರೆಯಿರಿ ಎಂದರೆ ಚೂಪು ಟೋಪಿ, ಪೊರಕೆ, ಉರಿಯುವ ಕಂಬ ಬರುತ್ತವೆ. ಇದನ್ನು ತಿದ್ದಲು ಆ ವರ್ಷದ ಸೇಲಂ ಮಾಟಗಾತಿ ವಿಚಾರಣೆಗಳ ಬಗ್ಗೆ ವರ್ಜೀನಿಯಾ ವಿಶ್ವವಿದ್ಯಾಲಯದ ದಾಖಲೆ ಜಾಲತಾಣ ಬಹಳ ಒಳ್ಳೆಯ ಸಾಧನ. ನೋಡಲು ಕಾಸು ಬೇಡ.

ವಾರಂಟು, ವಿಚಾರಣೆ, ಸಾಕ್ಷಿ ಹೇಳಿಕೆ, ಅರ್ಜಿ ಎಲ್ಲವೂ ಅಕ್ಷರಶಃ ಅಲ್ಲಿವೆ. ಹಳೆಯ ನಕ್ಷೆಗಳೂ ಇವೆ. ಹೆಚ್ಚಿನವರು ನೇರ ಕೋರ್ಟ್ ಕಾಗದಗಳಿಗೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಮೊದಲು ಹಳ್ಳಿಯ ದಾಖಲೆ ಪುಸ್ತಕ, ಚರ್ಚಿನ ದಾಖಲೆ ಪುಸ್ತಕ ತೆರೆಯಿರಿ. 1691ರ ಅಕ್ಟೋಬರದಲ್ಲಿ ಹಳ್ಳಿಯ ಹೊಸ ಸಮಿತಿ ಪಾದ್ರಿ ಸಾಮ್ಯುಯೆಲ್ ಪ್ಯಾರಿಸ್‌ನ ಸಂಬಳಕ್ಕೆ ತೆರಿಗೆ ಎತ್ತಲು ಒಪ್ಪಲಿಲ್ಲ. ಚಳಿ ಹತ್ತಿರವಾದರೂ ಅವನ ಮನೆಗೆ ಸಾಕಷ್ಟು ಸೌದೆ ಬರಲಿಲ್ಲ. ಮುಂದಿನ ಜನವರಿಯಲ್ಲಿ ಅದೇ ಮನೆಯ 9 ವರ್ಷದ ಬೆಟ್ಟಿಗೂ ಅವಳ ಜೊತೆಗಿದ್ದ ಅಬಿಗೈಲ್‌ಗೂ ಮೈಸೆಳೆತ ಶುರುವಾಯಿತು, ಜನ ಅದನ್ನು ಮಾಟವೆಂದರು. ಯಾರು ತೆರಿಗೆ ಕೊಟ್ಟಿಲ್ಲ, ಯಾರಿಗೆ ಯಾರ ಮೇಲೆ ಕೋಪ ಎಂಬುದು ಗೊತ್ತಿದ್ದರೆ ದಿನಚರಿಗೆ ಜೀವ ಬರುತ್ತದೆ.

ಚರ್ಚಿನ ಪುಸ್ತಕದಲ್ಲಿ 1692ರ ಮಾರ್ಚ್ 27ರ ಟಿಪ್ಪಣಿಯನ್ನು ಬಿಡಲೇಬೇಡಿ. ಮಾಟ ಮಾಡಿದವರು ಯಾರೆಂದು ತಿಳಿಯಲು ರೈ ಎಂಬ ಧಾನ್ಯದ ಹಿಟ್ಟಿಗೆ ಆ ಹುಡುಗಿಯರ ಮೂತ್ರ ಬೆರೆಸಿ ರೊಟ್ಟಿ ಸುಟ್ಟು ನಾಯಿಗೆ ತಿನ್ನಿಸಲು ಹೇಳಿದ್ದ ಮೇರಿ ಸಿಬ್ಲಿ ಎಂಬ ನೆರೆಯಾಕೆಯನ್ನು ಪ್ಯಾರಿಸ್ ಸಭೆಯೆದುರು ಗದರಿಸಿದ್ದು ಅದರಲ್ಲಿದೆ. ಆ ದಿನ ಬೆಂಚಿನಲ್ಲಿ ಕೂತಿದ್ದವರ ಮನಸ್ಸಿನಲ್ಲಿ ಏನಿತ್ತು? ಒಂದು ತರಗತಿಗೆ ಈ ಪ್ರಶ್ನೆ ಸಾಕು.

ಕೋರ್ಟ್ ಕಾಗದಗಳಲ್ಲಿ ರೈತ ಗೈಲ್ಸ್ ಕೋರಿ ತನ್ನ ಹೆಂಡತಿಯ ಬಗ್ಗೆ ಕೊಟ್ಟ ಹೇಳಿಕೆಗೆ ಸಮನಾದದ್ದಿಲ್ಲ. ಎತ್ತಿಗೆ ಕಾಯಿಲೆ ಬಂತು, ಬೆಕ್ಕಿಗೂ ಏನೋ ಆಯಿತು, ಹೆಂಡತಿ ಮಾರ್ಥಾ ರಾತ್ರಿ ಒಲೆಯ ಬಳಿ ಪ್ರಾರ್ಥನೆಗೆಂಬಂತೆ ಮಂಡಿಯೂರುತ್ತಾಳೆ, ಆದರೆ ಸದ್ದು ಕೇಳಿಸುವುದಿಲ್ಲ: ಅಷ್ಟೇ. ಅದು ಹೆಚ್ಚುಕಡಿಮೆ ದಿನಚರಿಯೇ. ಸೆಪ್ಟೆಂಬರ್ 19ಕ್ಕೆ ಅದೇ ಗೈಲ್ಸ್, ತನ್ನ ಮೇಲೂ ಆರೋಪ ಬಂದಾಗ ವಿಚಾರಣೆಗೆ ಒಪ್ಪದ್ದಕ್ಕೆ ಹೇರಿದ ಕಲ್ಲಿನ ಭಾರದಡಿ ಸತ್ತ, 22ಕ್ಕೆ ಮಾರ್ಥಾಳನ್ನು ಗಲ್ಲಿಗೇರಿಸಿದರು. ಬರೆಯುವ ಮಗುವಿಗೆ ಇದನ್ನು ಮೊದಲೇ ಹೇಳಬಾರದು. ಪ್ರತಿಯೊಬ್ಬರಿಗೂ ಒಂದು ತಾರೀಖು ಕೊಟ್ಟು, ಅಲ್ಲಿಯವರೆಗಿನ ಕಾಗದ ಮಾತ್ರ ಓದಿಸಿ. ಅಂತ್ಯ ಗೊತ್ತಿದ್ದವರ ದಿನಚರಿ ಭಾಷಣವಾಗುತ್ತದೆ.

ತಾರೀಖಿನಲ್ಲೇ ಬಹಳ ಮಂದಿ ಎಡವುತ್ತಾರೆ. ಆಗ ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಆದ್ದರಿಂದ ನಮ್ಮ ಲೆಕ್ಕದ 1692ರ ಫೆಬ್ರವರಿಯ ಕಾಗದದಲ್ಲಿ 1691/2 ಎಂದಿರುತ್ತದೆ. ಕ್ರಿಸ್‌ಮಸ್ ಸಂಭ್ರಮ ಬರೆಸಬೇಡಿ, ಪ್ಯೂರಿಟನ್ನರು ಅದನ್ನು ಆಚರಿಸುತ್ತಿರಲಿಲ್ಲ. ಯಾರನ್ನೂ ಸುಡಲಿಲ್ಲ: 19 ಮಂದಿಗೆ ಗಲ್ಲಾಯಿತು, ಕನಿಷ್ಠ ಐವರು ಸೆರೆಮನೆಯಲ್ಲಿ ಸತ್ತರು. ತಪ್ಪೊಪ್ಪಿಕೊಂಡು ಅದನ್ನು ಹಿಂತೆಗೆದುಕೊಳ್ಳದವರನ್ನು ಆ ವರ್ಷ ಗಲ್ಲಿಗೇರಿಸಲಿಲ್ಲ, ಅಲ್ಲವೆಂದವರನ್ನೇ ಏರಿಸಿದರು. ಮಕ್ಕಳಿಗೆ ತಿಳಿಯಲೇಬೇಕಾದ ಸಂಗತಿಯಿದು.

ನಮ್ಮ ಕಡೆಯ ಇನ್ನೊಂದು ತೊಡಕು, ಮಕ್ಕಳು ದೈವ, ತೆಯ್ಯಂಗಳನ್ನು ಅಲ್ಲಿಗೆ ಕೊಂಡೊಯ್ಯುವುದು. ನಮ್ಮಲ್ಲಿ ದೈವ ನುಡಿಕೊಟ್ಟು ಮನೆ ಕಾಯುತ್ತದೆ. ಪ್ಯೂರಿಟನ್ನನ ಲೋಕದಲ್ಲಿ ಹಾಗೆ ಮೊರೆಹೋಗುವ ಶಕ್ತಿಗೆ ಎಡೆಯೇ ಇಲ್ಲ. ದೇವರಿಂದ ಬಾರದ್ದು ಸೈತಾನನದೇ. ಮಾಟಗಾತಿ ಎಂದರೆ ಸೈತಾನನ ಪುಸ್ತಕಕ್ಕೆ ರುಜು ಹಾಕಿದವಳು. ಇದನ್ನು ಮೊದಲೇ ವಿವರಿಸದಿದ್ದರೆ ಬರಹ ಪೂರ್ತಿ ದಾರಿ ತಪ್ಪುತ್ತದೆ.

ತಾಣದ ಮಿತಿಯೆಂದರೆ ಭಾಷೆ. 17ನೇ ಶತಮಾನದ ಇಂಗ್ಲಿಷು, ಒಂದೇ ಹೆಸರಿಗೆ ಹಲವು ಕಾಗುಣಿತ. ಹುಡುಕುವ ಪೆಟ್ಟಿಗೆಗಿಂತ ಹೆಸರುಗಳ ಪಟ್ಟಿಯಿಂದ ಒಳಹೋಗುವುದು ಸುಲಭ. ಮಕ್ಕಳ ಕೈಗೆ ನೇರ ಕೊಟ್ಟರೆ ಉಪಯೋಗವಿಲ್ಲ. ಅಧ್ಯಾಪಕರು ಮೊದಲೇ ಸರಳ ಕನ್ನಡದಲ್ಲಿ ಸಾರ ಬರೆದಿಟ್ಟುಕೊಳ್ಳಬೇಕು. ಒಂದು ಪೀರಿಯಡಿಗೆ ಮೂರು ಕಾಗದ ಸಾಕು: ಸಿಬ್ಲಿಯ ಟಿಪ್ಪಣಿ, ಗೈಲ್ಸ್‌ನ ಹೇಳಿಕೆ, ಮಾಟದ ಆರೋಪ ಹೊತ್ತ ರೆಬೆಕ್ಕಾ ನರ್ಸ್ ಎಂಬ 71ರ ಅಜ್ಜಿಯ ಪರವಾಗಿ 39 ನೆರೆಯವರು ಹೆಸರು ಹಾಕಿದ ಅರ್ಜಿ. ಕೊನೆಯದನ್ನು ಕೊಡುವಾಗ, ಹೆಸರು ಹಾಕದೆ ಉಳಿದವನೊಬ್ಬನ ಅಂದಿನ ರಾತ್ರಿಯ ಪುಟ ಬರೆಸಿ.