ಕೆಂಪು-ಬಿಳಿ ವೈರಿನಲ್ಲಿ 5.1 ಬರಲ್ಲ, ನನ್ನ ಹಾಗೆ ಮೋಸ ಹೋಗಬೇಡಿ

ಟಿವಿಗೆ ಹೋಮ್ ಥಿಯೇಟರ್ ಕನೆಕ್ಷನ್ ಕೊಡಿಸಲು ಅಂಗಡಿಯವರನ್ನು ಕರೆಸುವವರು ದಯವಿಟ್ಟು ಇದನ್ನು ಓದಿ. ನನ್ನ 4,500 ರೂಪಾಯಿ ಹೋಯಿತು. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ, ಹತ್ತು ದಿನ ಮನೆಗೆ ಬಂದವರಿಗೆಲ್ಲ 'ಸರೌಂಡ್ ನೋಡಿ' ಅಂತ ತೋರಿಸಿದೆನಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ.

ರಿಸೀವರ್ (ಸ್ಪೀಕರ್‌ಗಳಿಗೆ ಸದ್ದು ಹಂಚುವ ಪೆಟ್ಟಿಗೆ), ಐದು ಸ್ಪೀಕರ್, ಸಬ್‌ವೂಫರ್ ಮೊದಲೇ ಇತ್ತು. 5.1 ಅಂದರೆ ಇದೇ, ಐದು ಸ್ಪೀಕರಿಗೂ ಒಂದು ಸಬ್‌ವೂಫರ್‌ಗೂ ಬೇರೆ ಬೇರೆ ಸದ್ದು. ಟಿವಿ ಹೊಸದು. ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಿಂದ ಹುಡುಗ ಬಂದ. ಟಿವಿಯ ಆಪ್ಟಿಕಲ್ (ಬೆಳಕಿನ ಮೂಲಕ ಸದ್ದು ಕಳಿಸುವ) ಪೋರ್ಟ್‌ನಿಂದ ಒಂದು ಪುಟ್ಟ ಕಪ್ಪು ಡಬ್ಬಿಗೆ, ಡಬ್ಬಿಯಿಂದ ಕೆಂಪು-ಬಿಳಿ ವೈರಿನಲ್ಲಿ ರಿಸೀವರ್‌ಗೆ ಕೊಟ್ಟ. "ಇದು ಡಿಕೋಡರ್ ಸಾರ್, ಇದಿಲ್ಲದೆ 5.1 ಬರಲ್ಲ" ಅಂದ. ಡಬ್ಬಿಗೆ 1,800, ಗೋಲ್ಡ್ ಪಿನ್ ಕೇಬಲ್‌ಗೆ 1,200, ಫಿಟ್ಟಿಂಗ್‌ಗೆ 1,500. ರಿಮೋಟ್‌ನಲ್ಲಿ ಏನೋ ಒತ್ತಿದ. ಐದೂ ಸ್ಪೀಕರ್ ಮಾತಾಡಿದವು. ನಾನು ನಂಬಿದೆ.

ಭಾನುವಾರ ಭಾವ ಬಂದಿದ್ದರು. ಸಿನಿಮಾ ಹಾಕಿದೆ. ಅಮ್ಮ ಹಿಂದಿನ ಸ್ಪೀಕರ್ ಪಕ್ಕದಲ್ಲೇ ದಿವಾನದ ಮೇಲೆ ಕೂತಿದ್ದರು. "ಅವನು ಅಲ್ಲಿ ಮಾತಾಡ್ತಿದ್ದಾನೆ, ನನ್ನ ಕಿವಿ ಹತ್ರ ಯಾಕೆ ಕೇಳುತ್ತೆ?" ಅಂದರು. ಭಾವ ಎದ್ದು ಹೋಗಿ ಆ ಸ್ಪೀಕರಿಗೆ ಕಿವಿ ಇಟ್ಟರು. ಮುಂದೆ ಬರುತ್ತಿದ್ದ ಅದೇ ಡೈಲಾಗ್, ಅದೇ ಹಾಡು, ಚೂರೂ ವ್ಯತ್ಯಾಸ ಇಲ್ಲ. ಆಮೇಲೆ ರಿಸೀವರ್ ಡಿಸ್‌ಪ್ಲೇ ಕಡೆ ಬೆರಳು ತೋರಿಸಿದರು. 'ಆಲ್ ಚಾನೆಲ್ ಸ್ಟೀರಿಯೋ' ಅಂತ ಹತ್ತೂ ದಿನ ನನ್ನ ಕಣ್ಣೆದುರೇ ಬರೆದಿತ್ತು! ಮುಖ ಎತ್ತಲು ಆಗಲಿಲ್ಲ.

ಕೆಂಪು ಒಂದು, ಬಿಳಿ ಒಂದು. ಎರಡು ವೈರಿನಲ್ಲಿ ಎಡ-ಬಲ ಎರಡೇ ಚಾನೆಲ್ ಹೋಗುವುದು. ಅದನ್ನೇ ಐದು ಸ್ಪೀಕರಿಗೆ ಹಂಚಿದ್ದ. 5.1 ಸದ್ದನ್ನು ಅಡಕ ಮಾಡಿ ಕಳಿಸುವ ಡಾಲ್ಬಿಯನ್ನು ಬಿಡಿಸಲು ಆ ಡಬ್ಬಿಗೆ ಬರುವುದೇ ಇಲ್ಲ, ಅದಕ್ಕೇ ಟಿವಿ ಸೆಟ್ಟಿಂಗ್‌ನಲ್ಲಿ ಆಡಿಯೋ ಔಟ್‌ಪುಟ್ ಪಿಸಿಎಂಗೆ, ಅಂದರೆ ಬರೀ ಎಡ-ಬಲದ ಸದ್ದಿಗೆ, ಇಳಿಸಿ ಹೋಗಿದ್ದ. ಡಿಕೋಡರ್ ರಿಸೀವರ್ ಒಳಗೇ ಇದೆ! ಅದನ್ನು ಬಿಟ್ಟು ಹೊರಗಿನ ಡಬ್ಬಿ ಮಾರಿದ.

ಅಂಗಡಿಗೆ ಫೋನ್ ಮಾಡಿದೆ. "ಎಲ್ಲಾ ಸ್ಪೀಕರ್‌ನಲ್ಲೂ ಸೌಂಡ್ ಬರ್ತಿದೆಯಲ್ಲ ಸಾರ್, ಇನ್ನೇನು ಬೇಕು?" ಅಂದರು. ಹಿಂದೆಯೂ ಅದೇ ಡೈಲಾಗ್ ಬರುತ್ತಿದೆ ಅಂದರೆ, "ಸರೌಂಡ್ ಅಂದ್ರೆ ಸುತ್ತ ಬರೋದೇ ಅಲ್ವಾ" ಅಂದರು. ಸಂಜೆ ಮೆಸೇಜ್ ಬಂತು, ಟಿವಿಯದೇ ಪ್ರಾಬ್ಲಮ್, ದೊಡ್ಡ ಡಿಕೋಡರ್ ಹಾಕಿದರೆ ಸರಿ ಹೋಗುತ್ತೆ, 3,500 ಆಗುತ್ತೆ ಅಂತ. ಇನ್ನೂ 3,500! ಡಬ್ಬಿ ವಾಪಸ್ ತಗೊಳ್ಳಿ ಅಂದರೆ "ಪ್ಯಾಕ್ ಓಪನ್ ಆಗಿದೆ ಸಾರ್." ಓಪನ್ ಮಾಡಿದ್ದು ಅವರ ಹುಡುಗನೇ.

ಕೊನೆಗೆ ಭಾವ ಇಪ್ಪತ್ತು ನಿಮಿಷದಲ್ಲಿ ಸರಿ ಮಾಡಿದರು. ಮನೆಯಲ್ಲೇ ಬಿದ್ದಿದ್ದ ಎಚ್‌ಡಿಎಂಐ ಕೇಬಲ್. ರಿಸೀವರ್‌ನ ಎಚ್‌ಡಿಎಂಐ ಔಟ್‌ನಿಂದ ಟಿವಿಯಲ್ಲಿ ಎಆರ್‌ಸಿ (ಟಿವಿಯ ಸದ್ದನ್ನು ಅದೇ ಕೇಬಲ್‌ನಲ್ಲಿ ರಿಸೀವರಿಗೆ ವಾಪಸ್ ಕಳಿಸುವ ವ್ಯವಸ್ಥೆ) ಅಂತ ಬರೆದಿರುವ ಪೋರ್ಟ್‌ಗೇ ಹಾಕಬೇಕು, ಬೇರೆ ಪೋರ್ಟ್‌ಗೆ ಹಾಕಿದರೆ ಸೌಂಡ್ ವಾಪಸ್ ಬರಲ್ಲ. ಎರಡರಲ್ಲೂ ಸಿಇಸಿ (ಎಚ್‌ಡಿಎಂಐ ಮೂಲಕ ಒಂದು ಸಾಧನ ಇನ್ನೊಂದನ್ನು ನಿಯಂತ್ರಿಸುವ ಸೌಲಭ್ಯ), ಎಆರ್‌ಸಿ ಆನ್ ಮಾಡಿದರು. ಟಿವಿಯಲ್ಲಿ ಪಿಸಿಎಂ ತೆಗೆದು ಬಿಟ್‌ಸ್ಟ್ರೀಮ್ ಇಟ್ಟರು, ಅಂದರೆ ಡಾಲ್ಬಿಯನ್ನು ಬಿಡಿಸದೆ ಹಾಗೇ ರಿಸೀವರಿಗೆ ಕಳಿಸುವುದು. ಡಿಸ್‌ಪ್ಲೇಯಲ್ಲಿ 'ಡಾಲ್ಬಿ ಡಿ ಪ್ಲಸ್' ಬಂತು. ಮಾತು ಮುಂದಿನಿಂದ, ಮಳೆ ಸದ್ದು ಹಿಂದಿನಿಂದ. ಎಆರ್‌ಸಿ 2009ರ ಎಚ್‌ಡಿಎಂಐ 1.4ರಲ್ಲೇ ಬಂದದ್ದು. ದಿನವೂ ಇದೇ ಕೆಲಸ ಮಾಡುವವರಿಗೆ ಗೊತ್ತಿಲ್ಲ ಅಂದರೆ ನಾನು ನಂಬಲ್ಲ. ನಿಮ್ಮ ರಿಸೀವರ್ ಹಳೇದಾಗಿ ಎಆರ್‌ಸಿ ಇಲ್ಲದಿದ್ದರೆ ಆಪ್ಟಿಕಲ್ ಕೇಬಲ್ ನೇರ ರಿಸೀವರಿಗೇ ಹಾಕಿ, ಡಾಲ್ಬಿ ಡಿಜಿಟಲ್ 5.1 ಅದರಲ್ಲೂ ಬರುತ್ತೆ. ಮಧ್ಯೆ ಡಬ್ಬಿ ಬೇಡ.

ಫಿಟ್ಟಿಂಗ್ ಮಾಡಿದವರು ಮನೆ ಬಿಡುವ ಮೊದಲು ಡಿಸ್‌ಪ್ಲೇ ಓದಿ. ಹಿಂದಿನ ಸ್ಪೀಕರಿಗೆ ಕಿವಿ ಇಡಿ. ದುಡ್ಡು ಆಮೇಲೆ. ಮತ್ತೆ ಬಿಲ್ ಕೇಳಿ, ಬಿಲ್! ನನಗೆ ಕೊಟ್ಟಿದ್ದು ಪೆನ್ನಿನಲ್ಲಿ 4,500 ಅಂತ ಗೀಚಿದ ಚೀಟಿ, ಅಂಗಡಿ ಹೆಸರೂ ಇಲ್ಲ. ಆ ಚೀಟಿ, ಯುಪಿಐ ಸ್ಕ್ರೀನ್‌ಶಾಟ್, ಅವರ ಮೆಸೇಜ್ ಇಟ್ಟುಕೊಂಡು ನಿನ್ನೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.